ಗುಡ್ಡದ ಮನೆಗೊಂದು ಟರ್ಫ್ ಕೋರ್ಟು

ಹುನಗುಂದದ ಎರಿ ಹೊಲದಲ್ಲಿ ಏಪ್ರಿಲ್ ತಿಂಗಳು ನಡೆದವರಿಗೆ ಗೊತ್ತು: ನೆಲ ಬಾಯಿ ಬಿಟ್ಟಿರುತ್ತದೆ, ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಸೆಪ್ಟೆಂಬರಿನ ಮಳೆ ಕುಡಿದ ಮೇಲೆ ಅದೇ ನೆಲ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನೇರವಾಗಿ ಕೃತಕ ಹುಲ್ಲು ಹಾಸಿದರೆ ಕೆಲವೇ ಮಳೆಗಾಲಗಳಲ್ಲಿ ಕೋರ್ಟು ತಗ್ಗುದಿನ್ನೆಯಾಗುತ್ತದೆ. ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆಯ ಗುಡ್ಡದ ಮಗ್ಗುಲಲ್ಲಿ ತೊಂದರೆ ಬೇರೆ: ಒಂದು ಕಡೆ ಅಗೆದರೆ ಬಂಡೆ, ಇನ್ನೊಂದು ಕಡೆ ಜಾರುವ ಇಳುಕಲು. ಅಂಗಡಿಯಲ್ಲಿ ಹುಲ್ಲಿನ ತುಣುಕು ಮುಟ್ಟಿ ನೋಡುವ ಮೊದಲು ನಿಮ್ಮ ನೆಲ ಯಾವುದೆಂದು ತಿಳಿಯಿರಿ. ಕೋರ್ಟಿನ ಆಯುಷ್ಯ ಹುಲ್ಲಿನ ಕೆಳಗಿನ ನೆಲದಲ್ಲಿದೆ.

ಯಾವ ಆಟಕ್ಕೆ ಎಂಬುದೂ ಮೊದಲೇ ತೀರ್ಮಾನವಾಗಲಿ. ಕಬಡ್ಡಿಗೆ ಟರ್ಫ್ ಬೇಡ. ಬಿದ್ದು ಜಾರಿದರೆ ಮೊಣಕಾಲಿನ ಚರ್ಮ ಸುಲಿಯುತ್ತದೆ. ಅದಕ್ಕೆ ಹದ ಮಾಡಿದ ಮಣ್ಣೋ ಮ್ಯಾಟೋ ಸರಿ. ಕುಸ್ತಿಗೆ ಗರಡಿಮನೆಯ ಕೆಂಪು ಮಣ್ಣೇ ಆಗಬೇಕು. ವಾಲಿಬಾಲ್, ಬಾಕ್ಸ್ ಕ್ರಿಕೆಟ್, ಮಕ್ಕಳ ಫುಟ್‌ಬಾಲ್, ಟೆನಿಸ್ ಅಭ್ಯಾಸಕ್ಕೆ ಟರ್ಫ್ ಒಗ್ಗುತ್ತದೆ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಬಿಟ್ಟರೆ 24ಕ್ಕೆ 15, ಅಂದರೆ 360 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಮೂರೂವರೆ ಗುಂಟೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮನೆಯವರು ಗುದ್ದಲಿ ಹಾಕುವ ಮೊದಲೇ ಒಂದು ಅಳತೆ ಹಿಡಿಯಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ತಡೆಗೋಡೆ, ದೀಪದ ಕಂಬದಂಥ ಕೆಲಸಕ್ಕೂ ಅನುಮತಿಯ ವಿಷಯ ವಿಚಾರಿಸಿಯೇ ಮುಂದುವರಿಯಿರಿ.

ಇಳುಕಲಿನಲ್ಲಿ ಎಲ್ಲರೂ ಮಾಡುವುದು ಮೇಲಿನ ಅರ್ಧ ಕಡಿದು, ಆ ಮಣ್ಣನ್ನೇ ಕೆಳಗಿನ ಅರ್ಧಕ್ಕೆ ತುಂಬಿ ಸಮ ಮಾಡುವ ಕೆಲಸ. ಅಗ್ಗವೇನೋ ಹೌದು. ಆದರೆ ಬಂಡೆಯ ಮೇಲಿನ ಅರ್ಧ ಅಲ್ಲಾಡುವುದಿಲ್ಲ, ತುಂಬಿದ ಅರ್ಧ ಮಾತ್ರ ಕೂರುತ್ತದೆ. ಕೋರ್ಟಿನ ನಡುವೆ ಮೆಟ್ಟಿಲಿನಂತೆ ಗೆರೆ ಬೀಳುತ್ತದೆ. ಜಾಗ ಇದ್ದರೆ ಇಡೀ ಕೋರ್ಟನ್ನು ಕಡಿದ ನೆಲದ ಮೇಲೇ ಕೂರಿಸಿ. ತುಂಬಲೇಬೇಕಾದರೆ ಎರಿ ಮಣ್ಣು ಬಿಟ್ಟು ಗರಸು ಬಳಸಿ. ಒಂದೊಂದು ಪದರ ಅರ್ಧ ಅಡಿ ಮೀರದಿರಲಿ. ನೀರು ಚಿಮುಕಿಸಿ ರೋಲರ್ ಓಡಿಸಿದ ಮೇಲೆಯೇ ಮುಂದಿನ ಪದರ. ಕೆಳಗಿನ ಕಲ್ಲಿನ ತಡೆಗೋಡೆಗೆ ನೀರು ಸೋರುವ ಕಿಂಡಿಗಳನ್ನು ಬಿಡಿ. ಆಮೇಲೆ ಒಂದು ಮಳೆಗಾಲ ಸುಮ್ಮನೆ ಬಿಡುವುದು ಒಳ್ಳೆಯದು. ಮಕ್ಕಳು ಅವಸರ ಮಾಡುತ್ತಾರೆ ನಿಜ, ಆದರೂ ಕಾಯಿರಿ. ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ, ನೀರು ನಿಂತಲ್ಲೆಲ್ಲ ಗೂಟ ಹೊಡೆದು ಬನ್ನಿ. ಅಲ್ಲಲ್ಲಿ ಮತ್ತೆ ಗರಸು ಬೀಳಬೇಕು.

ಬಾಗಲಕೋಟೆ ಸೀಮೆಯ ವರ್ಷದ ಸರಾಸರಿ ಮಳೆ 600 ಮಿ.ಮೀ. ಒಳಗೇ. ಆದರೆ ಅದರಲ್ಲಿ ಬಹುಪಾಲು ಕೆಲವೇ ಬಿರುಸಿನ ದಿನಗಳಲ್ಲಿ ಸುರಿದುಬಿಡುತ್ತದೆ. ಒಂದು ಸಂಜೆ 50 ಮಿ.ಮೀ. ಸುರಿದರೆ ಈ ಕೋರ್ಟಿನ ಮೇಲೆ ಬೀಳುವ ನೀರೇ 18,000 ಲೀಟರ್, ಗುಡ್ಡದಿಂದ ಹರಿದು ಬರುವುದು ಬೇರೆ. ನಮ್ಮ ರೈತರು ಹೊಲದ ಒಡ್ಡಿಗೆ ಕಲ್ಲಿನ ಕೋಡಿ ಬಿಟ್ಟು, ಮಣ್ಣು ಕೊಚ್ಚದಂತೆ ಹೆಚ್ಚಾದ ನೀರನ್ನು ಕೆಳಗಿನ ಹೊಲಕ್ಕೆ ಇಳಿಸುತ್ತಾರಲ್ಲ, ಇಲ್ಲೂ ಅದೇ ಜಾಣತನ ಬೇಕು. ಗುಡ್ಡದ ಬದಿಗೆ ಕಾಲುವೆ ತೋಡಿ ಮೇಲಿನ ನೀರನ್ನು ಕೋರ್ಟಿನ ಆಚೆಗೆ ತಿರುಗಿಸಿ. ಕೋರ್ಟಿಗೆ ಅಗಲದ ಕಡೆ ಶೇ. 1ರಷ್ಟು ಇಳಿಜಾರು ಕೊಡಿ. 15 ಮೀಟರಿಗೆ 15 ಸೆಂ.ಮೀ. ಅಷ್ಟೇ, ಆಡುವವರ ಕಣ್ಣಿಗೆ ಬೀಳುವುದಿಲ್ಲ, ನೀರಿಗೆ ಸಾಕಾಗುತ್ತದೆ.

ನೆಲ ಎರಿಯಾಗಿದ್ದರೆ ಎರಡರಿಂದ ಮೂರು ಅಡಿ ತೆಗೆದು ಗರಸು ತುಂಬಬೇಕು. ಇಲ್ಲವೇ ತೂಕದ ಶೇ. 3ರಿಂದ 5ರಷ್ಟು ಸುಣ್ಣ ಬೆರೆಸಿ ದಮ್ಮಸು ಮಾಡಿದರೆ ಜೇಡಿಯ ಉಬ್ಬುವ ಗುಣ ತಗ್ಗುತ್ತದೆ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಇದಿಲ್ಲದಿದ್ದರೆ ಮಣ್ಣು ಮೇಲಕ್ಕೆ, ಖಡಿ ಕೆಳಕ್ಕೆ ಸೇರಿ ಎರಡೂ ಕೆಡುತ್ತವೆ. ಆಮೇಲೆ 15 ಸೆಂ.ಮೀ. ಖಡಿ, ಮೇಲೆ 5 ಸೆಂ.ಮೀ. ಸಣ್ಣ ಕಲ್ಲಿನ ಚೂರು. ಖಡಿಯೇ 54 ಘನ ಮೀಟರ್ ಬೇಕು. ರೋಲರ್ ತುಳಿದಾಗ ಕುಗ್ಗುವುದನ್ನೂ ಸೇರಿಸಿದರೆ ಸುಮಾರು 24 ಬ್ರಾಸ್. ಇಳಕಲ್ ಸುತ್ತ ಗ್ರಾನೈಟ್ ಖಡಿಗೆ ಬರವಿಲ್ಲ. ಪಾಲಿಶ್ ಕಾರ್ಖಾನೆಯ ಬೂದಿಯಂಥ ಹುಡಿಯನ್ನು ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಬೇಡ. ಒದ್ದೆಯಾದರೆ ಅದು ನೀರು ಇಳಿಯುವ ದಾರಿಯನ್ನೇ ಮುಚ್ಚುತ್ತದೆ. ಕೊನೆಗೆ 3 ಮೀಟರಿನ ನೇರ ಪಟ್ಟಿ ಇಟ್ಟು ನೋಡಿ. ಕೆಳಗೆ 10 ಮಿ.ಮೀ. ಮೀರಿದ ಸಂದು ಕಂಡರೆ ತಿದ್ದಿಸಿ. ನೆಟ್ ಕಂಬದ ಕಾಂಕ್ರೀಟ್ ಈ ಹಂತದಲ್ಲೇ ಮುಗಿಯಬೇಕು.

ಹುಲ್ಲು ಹಾಸುವುದು ಎರಡು ಮೂರು ದಿನದ ಕೆಲಸ. ಉರುಳೆಗಳನ್ನು ಬಿಚ್ಚಿ ಕೆಲವು ಗಂಟೆ ಬಿಸಿಲಿಗೆ ಹೊಂದಿಕೊಳ್ಳಲು ಬಿಡಬೇಕು, ಎಲ್ಲದರ ಎಳೆಯೂ ಒಂದೇ ದಿಕ್ಕಿಗೆ ಬಾಗಿರಬೇಕು. ಜೋಡಣೆಗೆ ಅಂಟು ಹಚ್ಚುವುದು ಬೆಳಗ್ಗೆಯೋ ಸಂಜೆಯೋ ಆಗಲಿ; ನಡುಮಧ್ಯಾಹ್ನ ಹಿಗ್ಗಿದ ಟರ್ಫನ್ನು ಅಂಟಿಸಿದರೆ ರಾತ್ರಿ ಕುಗ್ಗಿ ಸಂದು ಬಿಡುತ್ತದೆ. ವಾಲಿಬಾಲ್, ಟೆನಿಸ್‌ಗೆ 20 ಮಿ.ಮೀ. ಎತ್ತರದ ಹುಲ್ಲು ಸಾಕು, ಫುಟ್‌ಬಾಲ್‌ಗೆ 40ರಿಂದ 60.

ಎಳೆಗಳ ನಡುವೆ ತುಂಬುವುದರಲ್ಲಿ ನನ್ನ ಒಲವು ತೊಳೆದು ಒಣಗಿಸಿದ ಸಿಲಿಕಾ ಮರಳಿನ ಕಡೆಗೆ. 20 ಮಿ.ಮೀ. ಹುಲ್ಲಿಗೆ ಚದರ ಮೀಟರಿಗೆ 20ರಿಂದ 25 ಕಿಲೋ ಹಿಡಿಯುತ್ತದೆ. ಕಪ್ಪು ರಬ್ಬರ್ ಹರಳು ಮೆತ್ತಗಿರುತ್ತದೆ, ಆದರೆ ನಮ್ಮ ಬಿಸಿಲನ್ನು ಇನ್ನಷ್ಟು ಹೀರುತ್ತದೆ, ಮಳೆಯಲ್ಲಿ ಕೊಚ್ಚಿ ಹೊಲ ಸೇರುತ್ತದೆ. ಮೈಕ್ರೊಪ್ಲಾಸ್ಟಿಕ್ ಆಗುತ್ತದೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ತಂದು, ಅಂಥ ಹರಳಿನ ಮಾರಾಟವನ್ನು 2031ರಿಂದ ನಿಲ್ಲಿಸಲಿದೆ. ಕೆಳಗೆ ಜೋಳದ ಹೊಲವಿರುವ ಮನೆಯವರು ಇದನ್ನು ಯೋಚಿಸಲೇಬೇಕು.

ಬೇಸಿಗೆಯ ನಡುಹಗಲು ಟರ್ಫಿನ ಮೇಲ್ಮೈ 60 ಡಿಗ್ರಿ ದಾಟಬಲ್ಲದು. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಣಿಯುತ್ತದೆ, ಮತ್ತೆ ಕಾಯುತ್ತದೆ. ಕೊಡ ನೀರಿಗೂ ಲೆಕ್ಕವಿರುವ ಊರಲ್ಲಿ ಅದು ಪರಿಹಾರವಾಗದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟೂವರೆಯೊಳಗೆ, ಸಂಜೆ ಸೂರ್ಯ ಇಳಿದ ಮೇಲೆ ಆಡಲಿ. ಬರಿಗಾಲಲ್ಲಿ ಮಕ್ಕಳನ್ನು ಬಿಡಬೇಡಿ. ಪಡುವಣ ಬದಿಗೆ ಬೇವಿನ ಸಾಲು ನೆಟ್ಟರೆ ಸಂಜೆಯ ಆಟಕ್ಕೆ ನೆರಳಾಗುತ್ತದೆ, ಬೇರು ತಳಪಾಯಕ್ಕೆ ಬಾರದಷ್ಟು ದೂರದಲ್ಲಿ. ಉದುರಿದ ಎಲೆಯನ್ನೂ ಗಾಳಿ ತರುವ ಎರಿ ದೂಳನ್ನೂ ಕೂರಲು ಬಿಡದೆ ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಿಂದ, ಎಳೆ ಬಾಗಿದ ದಿಕ್ಕಿಗೆ ಎದುರಾಗಿ ಗುಡಿಸಿ.