ಎದುರು ದಡದ ಬಂದರು

ಸ್ಯಾನ್ ಫ್ರಾನ್ಸಿಸ್ಕೊ ನೋಡಲು ಹೋದವರು ಪಿಯರ್ 39ರಲ್ಲಿ ಒಂದಷ್ಟು ಹೊತ್ತು ಕಳೆಯದೆ ಬರುವುದಿಲ್ಲ. ತೇಲುವ ಹಲಗೆಗಳ ಮೇಲೆ ಬಿದ್ದುಕೊಂಡು ಕೂಗುವ ಕಡಲಸಿಂಹಗಳು, ಸಾಲು ಅಂಗಡಿಗಳು, ಐಸ್‌ಕ್ರೀಮು. ಒಂದು ಕಾಲಕ್ಕೆ ಆ ದಂಡೆಯುದ್ದಕ್ಕೂ ಹಡಗುಗಳು ಸರಕು ಇಳಿಸುತ್ತಿದ್ದವು. ಅದರ ಬಹುಪಾಲು ಕೊಲ್ಲಿ ದಾಟಿ ಎದುರು ದಡದ ಓಕ್ಲೆಂಡಿಗೆ ಹೋಗಿ ಅರ್ಧ ಶತಮಾನವೇ ಕಳೆಯಿತು.

ಆ ಸರಕನ್ನು ಕಣ್ಣಾರೆ ಕಾಣಬೇಕೆಂದರೆ ಓಕ್ಲೆಂಡಿನ ಜಾಕ್ ಲಂಡನ್ ಚೌಕದಲ್ಲಿ ದೋಣಿ ಹತ್ತಬೇಕು. ಬೇಸಿಗೆಯ ತಿಂಗಳುಗಳಲ್ಲಿ ಬಂದರಿನ ಆಡಳಿತವೇ ಸಾರ್ವಜನಿಕರಿಗಾಗಿ ಈ ಸುತ್ತನ್ನು ನಡೆಸಿಕೊಂಡು ಬಂದಿದೆ. ದುಡ್ಡು ಕೊಡಬೇಕಿಲ್ಲ, ಮೊದಲೇ ಹೆಸರು ಬರೆಸಿದರೆ ಸಾಕು. ಆದರೆ ಜಾಗ ಬೇಗ ತುಂಬಿಹೋಗುತ್ತದೆ. ಸುಮಾರು ಒಂದೂವರೆ ಗಂಟೆ ದೋಣಿ ಅಳಿವೆಯಲ್ಲಿ ಸಾಗುತ್ತದೆ, ವಿವರಿಸಲು ಜೊತೆಗೊಬ್ಬರು ಇರುತ್ತಾರೆ.

ಹಿಂದೆ ಇಂಥ ಸುತ್ತಿನ ಅಗತ್ಯವೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಂದರು ಊರಿನ ನಡುವೆಯೇ ಇತ್ತು. ಹಡಗು ಬಂತೆಂದರೆ ದಿನಗಟ್ಟಲೆ ಧಕ್ಕೆಯಲ್ಲಿ ನಿಲ್ಲುತ್ತಿತ್ತು. ಕಾಫಿ ಮೂಟೆ, ಸಕ್ಕರೆ ಚೀಲ, ಪೀಪಾಯಿ, ಎಲ್ಲವನ್ನೂ ಆಳುಗಳು ಒಂದೊಂದಾಗಿ ಇಳಿಸಬೇಕು. ಆ ಆಳುಗಳ ಬದುಕೂ ಊರಿಗೆ ಗೊತ್ತಿತ್ತು. 1934ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತಾಗ ಇಡೀ ನಗರ ನಾಲ್ಕು ದಿನ ಕೆಲಸ ನಿಲ್ಲಿಸಿತು. ಹ್ಯಾರಿ ಬ್ರಿಜಸ್ ಎಂಬ ನಾಯಕನ ಹೆಸರು ಅಮೆರಿಕದುದ್ದಕ್ಕೂ ಹರಡಿದ್ದು ಆಗಲೇ.

ಈ ಬಂದರನ್ನು ಜನರ ಕಣ್ಣಿನಿಂದ ಮರೆಮಾಡಿದ್ದು ಕಬ್ಬಿಣದ ಪೆಟ್ಟಿಗೆ. ಲಾರಿ ಸಾಗಣೆಯಲ್ಲಿ ಬೆಳೆದ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆ ಕಳಿಸಿದ್ದು ಅಮೆರಿಕದ ಪೂರ್ವ ಕರಾವಳಿಯ ಕಥೆ. ಪಶ್ಚಿಮದಲ್ಲಿ ಆ ಕೆಲಸ ಮಾಡಿದ್ದು ಹವಾಯಿಗೆ ಹಡಗು ನಡೆಸುತ್ತಿದ್ದ ಮ್ಯಾಟ್ಸನ್ ಕಂಪನಿ. ಪೆಟ್ಟಿಗೆ ಎತ್ತಲೆಂದೇ ಅದು ಹೊಸ ಬಗೆಯ ಕ್ರೇನು ಮಾಡಿಸಿತು. 1959ರ ಜನವರಿಯಲ್ಲಿ ಆ ಕ್ರೇನು ಕೆಲಸಕ್ಕಿಳಿದದ್ದು ಅಲಮೀಡಾದಲ್ಲಿ, ಅಂದರೆ ಇಂದಿನ ದೋಣಿ ಸಾಗುವ ಇದೇ ಅಳಿವೆಯ ದಂಡೆಯಲ್ಲಿ. ಮೂರು ನಿಮಿಷಕ್ಕೊಂದರಂತೆ ಹದಿನೆಂಟು ಟನ್ನಿನ ಪೆಟ್ಟಿಗೆ ಎತ್ತುತ್ತಿದ್ದ ಅದರ ವೇಗದ ಮುಂದೆ ಧಕ್ಕೆಯಾಳುಗಳ ಒಂದು ಇಡೀ ತಂಡದ ಕೆಲಸ ನಲವತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಬ್ರಿಜಸ್ ಮತ್ತು ಸಂಗಡಿಗರಿಗೆ ಇದರ ಪರಿಣಾಮ ಅರ್ಥವಾಗಿತ್ತು. 1960ರಲ್ಲಿ ಅವರು ಯಂತ್ರವನ್ನು ಒಪ್ಪಿಕೊಂಡರು. ಬದಲಿಗೆ, ಇರುವವರ ಕೆಲಸ ಹೋಗಬಾರದು, ಯಂತ್ರದ ಲಾಭದಲ್ಲಿ ಅವರಿಗೂ ಪಾಲು ಬೇಕು ಎಂದು ಬರೆಸಿಕೊಂಡರು. ಅಂದಿನ ಕಾರ್ಮಿಕರಿಗೆ ಅದರಿಂದ ಒಳ್ಳೆಯದಾಯಿತು. ಧಕ್ಕೆಯನ್ನೇ ನಂಬಿಕೊಂಡಿದ್ದ ಕೇರಿಗಳ ಮುಂದಿನ ತಲೆಮಾರಿಗೆ ಮಾತ್ರ ಅಂಥ ರಕ್ಷಣೆ ಸಿಗಲಿಲ್ಲ.

ಪೆಟ್ಟಿಗೆಗಳಿಗೆ ಬೇಕಾದದ್ದು ಬಯಲು. ಸ್ಯಾನ್ ಫ್ರಾನ್ಸಿಸ್ಕೊದ ಧಕ್ಕೆಗಳು ನೀರಿಗೆ ಚಾಚಿದ ಕಿರಿದಾದ ಕಟ್ಟೆಗಳು. ಅವುಗಳ ಹಿಂದೆಯೇ ಊರು, ಊರಿನ ಹಿಂದೆ ಗುಡ್ಡ. ಓಕ್ಲೆಂಡಿನಲ್ಲಿ ಉಬ್ಬರವಿಳಿತದ ಕೆಸರುನೆಲ ಬೇಕಾದಷ್ಟಿತ್ತು. ದೇಶವನ್ನು ಅಡ್ಡಹಾಯ್ದು ಬಂದ ರೈಲುಹಳಿ 1869ರಲ್ಲೇ ಅಲ್ಲಿಗೆ ಮುಟ್ಟಿತ್ತು. ಬಂದರಿನ ಮುಖ್ಯಸ್ಥರಾಗಿದ್ದ ಬೆನ್ ನಟರ್ ಈ ಅವಕಾಶ ಬಿಡಲಿಲ್ಲ. 1962ರಲ್ಲಿ ಮೆಕ್ಲೀನ್ ಕಂಪನಿಯ ಪೆಟ್ಟಿಗೆ ಹಡಗು ಓಕ್ಲೆಂಡಿಗೆ ಬಂತು. ಮರುವರ್ಷ ಇಲ್ಲಿನವರು ಜಪಾನಿಗೇ ಹೋಗಿ ಅಲ್ಲಿನ ಹಡಗು ಕಂಪನಿಗಳೊಡನೆ ಮಾತಾಡಿದರು. ಕೊಲ್ಲಿಯ ತಳದಲ್ಲಿ ಬಾರ್ಟ್ ರೈಲಿಗೆ ಸುರಂಗ ಹಾಕುವ ಯೋಜನೆ ಬಂದಾಗ ದಾರಿಗೆ ಬಂದರಿನ ಜಾಗ ಬೇಕಾಯಿತು. ಜಾಗ ಕೊಡುತ್ತೇವೆ, ಅಗೆದ ಮಣ್ಣನ್ನು ನಮ್ಮ ಕೆಸರಿಗೆ ತುಂಬಿಸಿಕೊಡಿ ಎಂದು ಬಂದರು ಕೇಳಿತು. ಸೆವೆಂತ್ ಸ್ಟ್ರೀಟ್ ಟರ್ಮಿನಲ್ ಹುಟ್ಟಿದ್ದು ಹೀಗೆ. ಇಷ್ಟು ಜಾಣ್ಮೆಯ ಸಾರ್ವಜನಿಕ ವ್ಯವಹಾರಗಳು ಅಪರೂಪ. 1960ರ ದಶಕ ಮುಗಿಯುವ ಹೊತ್ತಿಗೆ ಕಂಟೇನರ್ ಸರಕಿನಲ್ಲಿ ಓಕ್ಲೆಂಡ್ ಲೋಕದಲ್ಲೇ ಎರಡನೆಯ ಸ್ಥಾನಕ್ಕೇರಿತ್ತು.

ಕೆಲಸ ಹೆಚ್ಚಿದಂತೆ ಬೇಲಿಯೂ ಬೆಳೆಯಿತು. 2001ರ ಭಯೋತ್ಪಾದಕ ದಾಳಿಯ ನಂತರ, 2004ರಲ್ಲಿ ಜಗತ್ತಿನ ಬಂದರುಗಳಿಗೆಲ್ಲ ಹೊಸ ಭದ್ರತಾ ನಿಯಮ ಬಂತು. ಗುರುತಿನ ಚೀಟಿ ಇಲ್ಲದವರಿಗೆ ಟರ್ಮಿನಲ್ಲಿನ ಗೇಟು ತೆರೆಯದು. ತೆರೆದರೂ ಲಾರಿ, ಯಂತ್ರಗಳು ಓಡಾಡುವ ಆ ಅಂಗಳದಲ್ಲಿ ಮಕ್ಕಳನ್ನು ಕರೆದುಕೊಂಡು ಅಡ್ಡಾಡಲಾಗದು. ನೀರಿನ ಕಡೆಯಿಂದ ಗೇಟಿಲ್ಲ. ಕೆಲಸ ನಿಲ್ಲಿಸದೆ ಬಂದರು ತೋರಿಸಲು ದೋಣಿಯೇ ತಕ್ಕದ್ದು.

ದೋಣಿ ಹೊರಟರೆ ಎಡಕ್ಕೆ ಅಲಮೀಡಾ, ಬಲಕ್ಕೆ ಓಕ್ಲೆಂಡ್. ಮೊದಲ ಕ್ರೇನು ಇಲ್ಲೇ ತಯಾರಾಗಿತ್ತು. ಈಗಿನವು ಶಾಂಘೈನಲ್ಲಿ ಪೂರ್ತಿ ಜೋಡಣೆಯಾಗಿ, ನಿಂತ ನಿಲುವಿನಲ್ಲೇ ಹಡಗೇರಿ ಪೆಸಿಫಿಕ್ ದಾಟಿ, ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ತೂರಿ ಬರುತ್ತವೆ. ಕತ್ತೆತ್ತಿ ನೋಡಿದರೆ ಅಷ್ಟೆತ್ತರದಲ್ಲಿ ಗಾಜಿನ ಕೋಣೆಯೊಂದು ತೊಲೆಯುದ್ದಕ್ಕೂ ಹೋಗಿಬರುತ್ತಿರುತ್ತದೆ. ಅದರೊಳಗೆ ಕೂತ ಒಬ್ಬರೇ ಒಬ್ಬರು ಕಾಲ ಕೆಳಗಿನ ಪೆಟ್ಟಿಗೆಯನ್ನು ಹಿಡಿದು ಎತ್ತುತ್ತಾರೆ. ಅದೃಷ್ಟವಿದ್ದರೆ ಹಡಗು ತಿರುಗುವುದೂ ಕಾಣಸಿಗುತ್ತದೆ. 1,200 ಅಡಿ ಉದ್ದದ ಹಡಗನ್ನು ಟಗ್ ದೋಣಿಗಳು ತಳ್ಳಿ, ಎಳೆದು, ಅಳಿವೆಯ ತಿರುಗುತಾಣದಲ್ಲಿ ಮುಖ ತಿರುಗಿಸುತ್ತವೆ. ಇಷ್ಟು ದೊಡ್ಡವು ಬರಲೆಂದೇ ಹೂಳೆತ್ತಿ ಕಾಲುವೆಯನ್ನು 50 ಅಡಿಗೆ ಆಳ ಮಾಡಿದ್ದು 2009ರಲ್ಲಿ ಮುಗಿಯಿತು.

ನನಗೆ ಬಹಳ ಹಿಡಿಸಿದ್ದು ಇಲ್ಲಿಂದ ಹೊರಗೆ ಹೋಗುವ ಸರಕು. ಕ್ಯಾಲಿಫೋರ್ನಿಯಾದ ಹೊಲ ತೋಟಗಳಿಗೆ ಓಕ್ಲೆಂಡೇ ಹೆಬ್ಬಾಗಿಲು. ಲೋಕದ ಬಾದಾಮಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಆ ರಾಜ್ಯದ್ದು, ಅದನ್ನು ಅತಿ ಹೆಚ್ಚು ಕೊಳ್ಳುವ ಹೊರದೇಶ ಭಾರತ. ಬಹುಪಾಲು ಸಿಪ್ಪೆಸಮೇತ ಬಂದು, ಭಾರತದಲ್ಲೇ ಒಡೆಸಿಕೊಂಡು, ನಮ್ಮ ಬಾದಾಮಿ ಹಾಲಿಗೂ ಹಲ್ವಕ್ಕೂ ಸೇರುತ್ತದೆ.

ದೋಣಿಯಿಂದ ಕಾಣದ್ದೂ ಇದೆ. ಬೇಲಿಯಾಚೆಯ ವೆಸ್ಟ್ ಓಕ್ಲೆಂಡಿನ ಮನೆಗಳ ಜನ ದಶಕಗಳಿಂದ ಲಾರಿಗಳ, ಹಡಗುಗಳ ಡೀಸೆಲ್ ಹೊಗೆ ಕುಡಿದಿದ್ದಾರೆ. ಉಬ್ಬಸದಿಂದ ನರಳಿದ ಆ ಕೇರಿಗಳವರೇ ಗಾಳಿಯನ್ನು ಅಳೆದು, ಲೆಕ್ಕ ಮುಂದಿಟ್ಟು ಹೋರಾಡಿದರು. ಹಳೆಯ ಲಾರಿಗಳಿಗೆ ನಿಷೇಧ ಬಂತು. ಕಟ್ಟೆಗೆ ನಿಂತ ಹಡಗುಗಳು ಎಂಜಿನ್ ಆರಿಸಿ ದಡದ ವಿದ್ಯುತ್ತು ಬಳಸಬೇಕೆಂಬ ರಾಜ್ಯದ ನಿಯಮ 2014ರಿಂದ ಜಾರಿಗೆ ಬಂತು. ಸುತ್ತಿಗೆ ಬಂದವರು ಈ ಬಗ್ಗೆ ಕೇಳಬೇಕು. ಕೇಳುವ ಹಕ್ಕು ಅವರಿಗಿದೆ. 1927ರಿಂದ ಈ ಬಂದರು ಓಕ್ಲೆಂಡ್ ನಗರದ್ದೇ ಒಂದು ಇಲಾಖೆ. ಅದರ ಅಡಿಯ ಕಡಲತೀರವನ್ನು ರಾಜ್ಯ ನಗರಕ್ಕೆ ಕೊಟ್ಟಿರುವುದು ಜನರ ಪರವಾಗಿ ನೋಡಿಕೊಳ್ಳಲೆಂದು. ಹಾಗಾಗಿ ಈ ಸುತ್ತನ್ನು ಬಂದರಿನವರ ಉದಾರತೆ ಎಂದು ನಾನು ಕಾಣುವುದಿಲ್ಲ. ಒಡೆಯರಿಗೆ ಅವರ ಆಸ್ತಿ ತೋರಿಸಿ ಲೆಕ್ಕ ಒಪ್ಪಿಸುವ ಕರ್ತವ್ಯ ಅದು.

ಮಕ್ಕಳ ಮನೆಗೆಂದು ಫ್ರೀಮಾಂಟಿಗೋ ಸನಿವೇಲಿಗೋ ಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ ತೋರಿಸುವುದು ವಾಡಿಕೆ. ಆ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬೇಕು. ದೋಣಿಯಲ್ಲಿ ಜಾಗ ಸಿಗದಿದ್ದರೂ ಚಿಂತೆಯಿಲ್ಲ. ನೌಕಾಪಡೆ ಬಿಟ್ಟುಹೋದ ನೆಲದಲ್ಲಿ 2004ರಲ್ಲಿ ತೆರೆದ ಮಿಡಲ್ ಹಾರ್ಬರ್ ಉದ್ಯಾನಕ್ಕೆ ಹೆಸರು ಬರೆಸುವುದೂ ಬೇಡ. ಟರ್ಮಿನಲ್ಲುಗಳ ಮಗ್ಗುಲಲ್ಲೇ ಇರುವ ಅಲ್ಲಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತು, ಹಡಗುಗಳು ಬಂದು ಹೋಗುವುದನ್ನು ಬೇಕಾದಷ್ಟು ಹೊತ್ತು ನೋಡಬಹುದು.