ನಳಿಗೆಗೆ ಒಪ್ಪುವ ಕಾಡತೂಸು

ಮಿಯಾಪುರದಿಂದ ಮಕ್ಕಳನ್ನು ಗಚ್ಚಿಬೌಲಿಯ ಶೂಟಿಂಗ್ ರೇಂಜಿಗೆ ಕರೆದೊಯ್ಯುವ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಒಂದೇ: 50 ಮೀಟರ್ ರೈಫಲ್‌ಗೆ ಯಾವ ಕಾಡತೂಸು? ದುಬಾರಿಯದೇ ಬೇಕಿಲ್ಲ ಅಂತೀನಿ. ಸ್ಪರ್ಧೆಯಲ್ಲಿ ಎಲ್ಲರದೂ .22 ಲಾಂಗ್ ರೈಫಲ್ಲೇ. ಆದರೆ ಹತ್ತರ ವೃತ್ತದ ಅಗಲ ಬರೀ 10.4 ಮಿಲಿಮೀಟರ್. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜಯದೀಪ್ ಕರ್ಮಾಕರ್‌ಗೆ ಕಂಚು ತಪ್ಪಿದ್ದು 1.9 ಅಂಕದಿಂದ!

ಒಂದೇ ಕಂಪನಿಯ ಒಂದೇ ಹೆಸರಿನ ಎರಡು ಲಾಟ್‌ಗಳೂ ಒಂದೇ ನಳಿಗೆಯಲ್ಲಿ ಬೇರೆಬೇರೆಯಾಗಿ ಹೊಡೆಯುತ್ತವೆ. ವೇಗದ ಹುಚ್ಚೂ ಬೇಡ. ಶಬ್ದದ ವೇಗ ದಾಟಿ ಮತ್ತೆ ಕೆಳಗಿಳಿಯುವಾಗ ಗುಂಡು ಅಲುಗುತ್ತದೆ, ಅದಕ್ಕೇ ಸ್ಪರ್ಧೆಯ ಕಾಡತೂಸನ್ನು ಸೆಕೆಂಡಿಗೆ ಸುಮಾರು 330 ಮೀಟರಿಗೆ ಇಟ್ಟಿರುತ್ತಾರೆ. ಎಲಿ, ಲಾಪುವಾದವರು ರೈಫಲನ್ನು ಬಿಗಿದು ಕಟ್ಟಿ ಲಾಟ್ ಪರೀಕ್ಷಿಸಿಕೊಡುತ್ತಾರೆ. ನಮಗೆ ಗಾಳಿಯಿಲ್ಲದ ಬೆಳಗು, ಮರಳುಚೀಲ, ನಾಲ್ಕು ಲಾಟಿನ ಒಂದೊಂದು ಡಬ್ಬಿ ಸಾಕು. ಹತ್ತತ್ತು ಗುಂಡು ಹೊಡೆದು, ತೂತುಗಳು ಒತ್ತಾಗಿ ಬಿದ್ದ ಲಾಟನ್ನೇ ಲೈಸೆನ್ಸ್ ಮಿತಿಯೊಳಗೆ ಸೀಸನ್ನಿಗಾಗುವಷ್ಟು ಒಮ್ಮೆಗೇ ಕೊಳ್ಳಿ. ಡಬ್ಬಿಯ ಮೇಲಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ.