ಮುಖ ಸುಣ್ಣ, ಮಂಟಪ ಮಸಿ!

ಛತ್ರದ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಫಳಾರನೆ ಫ್ಲ್ಯಾಶ್ ಹೊಡೀತಾರೆ. ಆಲ್ಬಂ ಬಂದಾಗ ನೋಡಿದ್ರೆ ಮದುಮಗಳ ಮುಖ ಸುಣ್ಣ, ಹಿಂದೆ ನಿಂತ ಅಜ್ಜಿ ಕತ್ತಲಲ್ಲಿ ಮಾಯ! ಮತ್ತೊಮ್ಮೆ ಧಾರೆ ಎರೆಸೋಕಾಗುತ್ತಾ ಸ್ವಾಮಿ?

ದೂರ ಎರಡರಷ್ಟಾದರೆ ಫ್ಲ್ಯಾಶಿನ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಿಂದಿನವರನ್ನು ತೋರಿಸಬೇಕಾದ್ದು ಛತ್ರದ ದೀಪಗಳೇ. ಷಟರ್ 1/200 ಸೆಕೆಂಡಿಗೇ ಮುಚ್ಚಿದರೆ ಆ ಬೆಳಕಿಗೆ ಪುರಸೊತ್ತೆಲ್ಲಿ? 1/30ಕ್ಕೆ ಇಳಿಸಿದರೆ ಅದೂ ಪಟದೊಳಗೆ ಸೇರುತ್ತದೆ. ಫ್ಲ್ಯಾಶ್ ಮಿಂಚುವುದು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಹಾಗಾಗಿ ಮುಖ ಅಷ್ಟಾಗಿ ಅಲುಗದು. ಚಾವಣಿ ಬೆಳ್ಳಗೆ, ತಗ್ಗಾಗಿದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಬಹುದು. ಬೆಳಕು ಹರಡಿ ಮೆತ್ತಗೆ ಬೀಳುತ್ತದೆ.

ಫೋಟೊಗ್ರಾಫರಿಗೆ ಅಡ್ವಾನ್ಸ್ ಕೊಡುವ ಮುನ್ನ ಅವರು ಛತ್ರದೊಳಗೆ ತೆಗೆದ ಹಳೇ ಪಟ ಕೇಳಿ. ಮುಖವಷ್ಟೇ ಅಲ್ಲ, ಹಿಂದಿನ ಸಾಲೂ ಕಾಣುತ್ತಾ ನೋಡ್ಕೊಳ್ಳಿ.